ನಿಲ್ಲದ ಮೀನು, ಮೂರು ಬಿಸಿ

ಕೇದರ್, ಅಂದರೆ ಟ್ಯೂನಾ ಮೀನಿನ ಒಳಗಿನ ಬಣ್ಣ ಕೆಂಪು. ಅಂಜಲಿನ ತುಂಡು ಬಿಳಿ, ಮಾಂಜಿಯದು ಬಿಳಿ, ಕಾಣೆಯದು ಇನ್ನೂ ತಿಳಿ. ಮೀನೆಂದರೆ ಬಿಳಿ ಎಂದು ಒಪ್ಪಿಕೊಂಡ ಕಣ್ಣಿಗೆ, ಕೇದರನ್ನು ಅಡ್ಡಕ್ಕೆ ಕೊಯ್ದಾಗ ಕಾಣುವ ಆ ಕಡುಗೆಂಪು ನೆಲದ ಮೇಲೆ ಓಡಾಡುವ ಯಾವುದೋ ಪ್ರಾಣಿಯದ್ದೆನಿಸುತ್ತದೆ. ಎಷ್ಟು ನೀರು ಹೊಯ್ದು ತೊಳೆದರೂ ಅದು ಬಿಡುವುದಿಲ್ಲ. ಬೆನ್ನೆಲುಬಿನ ಎರಡೂ ಬದಿಗೆ ಇನ್ನೂ ಗಾಢವಾದ ಒಂದೊಂದು ಪಟ್ಟಿ, ಹೆಚ್ಚುಕಡಿಮೆ ಕಪ್ಪು. ನಮ್ಮ ಮಂಗಳೂರಿನ ಎಷ್ಟೋ ಅಡುಗೆಮನೆಗಳಲ್ಲಿ ಆ ಪಟ್ಟಿಯನ್ನು ಕೆತ್ತಿ ತೆಗೆದು ಬೆಕ್ಕಿಗೆ ಹಾಕುತ್ತಾರೆ.

ಆ ಕೆಂಪು ಎಲ್ಲಿಂದ ಬಂತು ಎಂಬ ಒಂದೇ ಪ್ರಶ್ನೆ ಹಿಡಿದು ಹೊರಟರೆ ಸಾಕು. ಅರಬ್ಬೀ ಕಡಲು, ಲಕ್ಷದ್ವೀಪ, ಘಟ್ಟದ ಬುಡದ ತೋಟಗಳು, ನಮ್ಮದೇ ನಾಲಗೆಯ ನರಗಳು, ಕೊನೆಗೆ ಒಲೆಯ ಮೇಲಿನ ಕಾವಲಿ, ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಮನೆಯಲ್ಲಿ ಕೇದರಿನ ದಪ್ಪ ತುಂಡಿಗೆ ಮಸಾಲೆ ಮೆತ್ತಿ, ಕಾದ ಕಾವಲಿಯಲ್ಲಿ ಹೊರಮೈ ಮಾತ್ರ ಕಾಯಿಸಿ, ಒಳಗಿನ ಕೆಂಪನ್ನು ಹಾಗೇ ಉಳಿಸಿ, ಪುಳಿಮುಂಚಿಯ ಗೊಜ್ಜಿನ ಜತೆ ಬಡಿಸುವ ಒಂದು ಅಡುಗೆಯನ್ನು ನಾನು ಪ್ರೀತಿಯಿಂದ ಮಾಡುತ್ತೇನೆ. ಅದನ್ನು ಮಾಡುವಾಗಲೆಲ್ಲ ನನಗೆ ಇದು ಅಡುಗೆಗಿಂತ ಹೆಚ್ಚಾಗಿ ಒಂದು ಜೀವದ ಬದುಕನ್ನು ಓದುವ ಕೆಲಸ ಎನಿಸುತ್ತದೆ. ಆ ಓದಿನಲ್ಲಿ ಸಿಕ್ಕಿದ ಬೆರಗನ್ನು ಇಲ್ಲಿ ಹೇಳಬೇಕು.

ನಮ್ಮ ಪೇಟೆಯಲ್ಲಿ ಕೇದರಿಗೆ ದೊಡ್ಡ ಮರ್ಯಾದೆಯಿಲ್ಲ. ಬೆಳಗಿನ ಜಾವ ಧಕ್ಕೆಯಲ್ಲಿ ಬೋಟುಗಳಿಂದ ಮೀನು ಇಳಿಯುವಾಗ ಜನ ಸುತ್ತುಗಟ್ಟುವುದು ಅಂಜಲಿಗೆ, ಮಾಂಜಿಗೆ, ಸಿಗಡಿಗೆ. ಬಂಗುಡೆ, ಬೂತಾಯಿ ದಿನದ ಅನ್ನದ ಜತೆಗಾರರು. ಅವುಗಳ ಮೇಲೆ ಎಲ್ಲರಿಗೂ ಸಲಿಗೆ. ಕೇದರ್ ಮಾತ್ರ ಬದಿಯಲ್ಲಿ ಬಿದ್ದಿರುತ್ತದೆ. ಸ್ಟೇಟ್ ಬ್ಯಾಂಕ್ ಬಳಿಯ ಮಾರುಕಟ್ಟೆಯಲ್ಲಿ ನಾನು ಅದರ ಮುಂದೆ ನಿಂತರೆ ಮೀನಿನ ಅಕ್ಕ ಕೇಳುತ್ತಾರೆ: "ಅಂಜಲ್ ಉಂಟಲ್ಲ ಅಕ್ಕೆರೆ, ಕೇದರ್ ಯಾಕೆ? ಅದು ಭಾರೀ ಉಷ್ಣ." ನಾನು ಅದೇ ಬೇಕೆಂದರೆ ಒಂದನ್ನು ಎತ್ತಿ, ಕಿವಿರು ಬಿಡಿಸಿ, ಒಳಗಿನ ಕೆಂಪನ್ನು ತೋರಿಸಿ, "ಇದು ತೆಗೊಳ್ಳಿ, ನಿನ್ನೆ ರಾತ್ರೆಯದ್ದು" ಎನ್ನುತ್ತಾರೆ. ಉಷ್ಣ ಎಂದು ಅವರು ಹೇಳಿದ್ದು ತಿಂದವರ ಮೈಯ ಬಗ್ಗೆ. ಮೀನಿನ ಮೈಯ ಬಗ್ಗೆಯೂ ಅದು ನಿಜ. ಆ ಕಡೆಗೆ ಆಮೇಲೆ ಬರುತ್ತೇನೆ.

ಎತ್ತಿ ಹಿಡಿದ ಆ ಮೀನನ್ನು ನೋಡಬೇಕು. ನಮ್ಮ ದಡದ ಹತ್ತಿರ ಹೆಚ್ಚಾಗಿ ಸಿಗುವ ಚಿಕ್ಕ ಕೇದರಿಗೆ ಬೆನ್ನ ಮೇಲೆ ಓರೆಯಾಗಿ ಅಲೆಯಲೆಯ ಕಪ್ಪು ಗೆರೆಗಳು, ಎದೆಯ ಕೆಳಗೆ ನಾಲ್ಕಾರು ಕಪ್ಪು ಚುಕ್ಕೆಗಳು. ಆಳ ಕಡಲಿನಿಂದ ಬರುವ ದೊಡ್ಡದಕ್ಕೆ ಬೆನ್ನಿನ ಎರಡನೆಯ ರೆಕ್ಕೆ, ಅದರ ಹಿಂದಿನ ಕಿರುರೆಕ್ಕೆಗಳೆಲ್ಲ ಅರಸಿನ ಹಳದಿ. ಅದು ನೂರು ಕಿಲೋ ದಾಟಿ ಬೆಳೆಯಬಲ್ಲದು. ಎರಡರದ್ದೂ ಒಂದೇ ಕಟ್ಟು: ಮುಂದೆ ಚೂಪು, ನಡುವೆ ತುಂಬಿದ ಮೈ, ಬಾಲದ ಬುಡದಲ್ಲಿ ಬೆರಳೆರಡರಲ್ಲಿ ಹಿಡಿಯುವಷ್ಟು ಸಪೂರ. ಬೆನ್ನಿನ ಮೊದಲ ರೆಕ್ಕೆ ಮಡಚಿಕೊಂಡು ಒಂದು ಸೀಳಿನೊಳಗೆ ಪೂರ್ತಿ ಅಡಗುತ್ತದೆ. ಕಣ್ಣು ಕೂಡ ಹೊರಗೆ ಉಬ್ಬದೆ ಮುಖದ ಮಟ್ಟಕ್ಕೇ ಕೂತಿದೆ. ನೀರಿಗೆ ತಡೆಯಾಗುವಂಥದ್ದು ಆ ಮೈಯಲ್ಲಿ ಏನೂ ಇಲ್ಲ. ಬಂಗುಡೆ, ಅಂಜಲ್, ಕೇದರ್ ಮೂರೂ ಒಂದೇ ಕುಟುಂಬದವು, ಮೂರೂ ಓಟಗಾರರು. ಆದರೆ ಓಟವನ್ನೇ ಉಸಿರಾಗಿಸಿಕೊಂಡದ್ದು ಕೇದರ್.

ಇದು ಅಲಂಕಾರದ ಮಾತಲ್ಲ. ಹೆಚ್ಚಿನ ಮೀನುಗಳು ನಿಂತಲ್ಲೇ ಬಾಯಿ ತೆರೆದು ಮುಚ್ಚಿ ನೀರನ್ನು ಕಿವಿರಿನ ಮೇಲೆ ಹಾಯಿಸಿ ಉಸಿರಾಡುತ್ತವೆ. ಕೇದರಿಗೆ ಅದು ಬಾರದು. ಬಾಯಿ ತುಸು ತೆರೆದು ಮುಂದಕ್ಕೆ ಈಜುತ್ತಿದ್ದರಷ್ಟೇ ನೀರು ಕಿವಿರಿನ ಮೂಲಕ ಹಾಯುತ್ತದೆ. ನಿಂತರೆ ಉಸಿರು ನಿಂತಂತೆ. ನಮ್ಮ ದಡದ ಚಿಕ್ಕ ಕೇದರಿಗೆ, ಮೈಯನ್ನು ನೀರಿನಲ್ಲಿ ತೇಲಿಸಿ ಹಿಡಿಯುವ ಗಾಳಿಚೀಲವೂ ಇಲ್ಲ. ಈಜುವುದನ್ನು ಬಿಟ್ಟರೆ ಅದು ಮುಳುಗುತ್ತದೆ. ಹಾಗಾಗಿ ಮೊಟ್ಟೆಯೊಡೆದು ಮರಿಯಾಗಿ ಬೆಳೆದು ಬಲೆಗೆ ಬೀಳುವವರೆಗೆ ಅದು ಓಡುತ್ತಲೇ ಇರುತ್ತದೆ. ಹಗಲು, ರಾತ್ರಿ, ಹೊಟ್ಟೆ ತುಂಬಿದಾಗ, ಹಸಿದಾಗ.

ಹಾಗೆ ಓಡುವ ಸ್ನಾಯುವಿಗೆ ಎಡೆಬಿಡದೆ ಆಮ್ಲಜನಕ ಬೇಕು. ಅದನ್ನು ಸ್ನಾಯುವಿನೊಳಗೇ ಕೂಡಿಟ್ಟು ಒದಗಿಸುವ ಪದಾರ್ಥ ಮಯೊಗ್ಲೋಬಿನ್. ಅದರ ನಡುವೆ ಕಬ್ಬಿಣ ಇದೆ, ಬಣ್ಣ ಕೆಂಪು. ಕಾಣೆ ದಡದ ಮರಳಿನ ತಳದಲ್ಲಿ ಮೇಯುವ ಮೀನು, ಹೀಗೆ ಎಡೆಬಿಡದೆ ಓಡುವುದಿಲ್ಲ. ಅದಕ್ಕೆ ಇಷ್ಟೊಂದು ಬೇಡ, ಅದರ ಮಾಂಸ ಬಿಳಿ. ಕೇದರಿನ ಕೆಂಪು ದುಡಿಮೆಯ ಕೆಂಪು. ನಾವು ಕೆತ್ತಿ ಎಸೆಯುವ ಆ ಕಪ್ಪು ಪಟ್ಟಿ ಇದೆಯಲ್ಲ, ದಿನವಿಡೀ ಒಂದೇ ಹದದಲ್ಲಿ ಓಡಿಸುವ ಸ್ನಾಯು ಅದೇ. ಇಡೀ ಮೀನಿನಲ್ಲಿ ಬದುಕೆಲ್ಲ ವಿಶ್ರಾಂತಿಯೇ ಕಾಣದೆ ದುಡಿದ ಭಾಗವನ್ನು ನಾವು ಬೆಕ್ಕಿನ ಪಾಲು ಮಾಡುತ್ತೇವೆ. ಇದು ತಿಳಿದ ಮೇಲೆ ನನ್ನ ಕತ್ತಿ ಆ ಪಟ್ಟಿಯ ಹತ್ತಿರ ಬೇರೆ ರೀತಿ ನಡೆಯುತ್ತದೆ. ಕೆತ್ತಿ ತೆಗೆಯುತ್ತೇನೆ, ಆದರೆ ಎಸೆಯುವುದಿಲ್ಲ. ತೆಂಗಿನತುರಿ, ಬೆಳ್ಳುಳ್ಳಿ, ಕೊತ್ತಂಬರಿ ಹುರಿದು ಪುಡಿ ಮಾಡಿ ಸುಕ್ಕ ಮಾಡುತ್ತೇನೆ. ಆ ಗಡಸು ರುಚಿಗೆ ಅಷ್ಟು ಮಸಾಲೆಯೇ ಸರಿ.

ಓಡುವ ಮೈ ಬಿಸಿಯಾಗುತ್ತದೆ, ನಮಗೂ ಹಾಗೆಯೇ. ಆದರೆ ಮೀನಿಗೆ ಆ ಬಿಸಿ ಉಳಿಯಬಾರದು. ಕಿವಿರಿನಲ್ಲಿ ನೆತ್ತರು ತಣ್ಣನೆಯ ನೀರಿಗೆ ಕೂದಲೆಳೆಯಷ್ಟು ಹತ್ತಿರ ಬರುತ್ತದೆ. ಆಮ್ಲಜನಕ ಒಳಗೆ ಬರುವ ದಾರಿಯಲ್ಲೇ ಬಿಸಿಯೆಲ್ಲ ಹೊರಗೆ ಹೋಗಿಬಿಡಬೇಕು. ಬಹುಪಾಲು ಮೀನುಗಳ ಮೈ ಸುತ್ತಲ ನೀರಿನಷ್ಟೇ ತಣ್ಣಗಿರಲು ಕಾರಣ ಇದು. 1835ರಲ್ಲಿ ಜಾನ್ ಡೇವಿ ಎಂಬ ವೈದ್ಯ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಒಂದು ಅಚ್ಚರಿಯ ಸಂಗತಿ ಇಟ್ಟ. ಸಿಲೋನಿನಲ್ಲಿ ಸೇನೆಯ ವೈದ್ಯನಾಗಿ ಕೆಲಸ ಮಾಡಿದ್ದವನು ಅವನು. ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ತಮ್ಮ. ಆಗ ತಾನೇ ಹಿಡಿದ ಕೇದರ್ ಜಾತಿಯ ಮೀನಿನ ಸ್ನಾಯುವಿನೊಳಗೆ ಉಷ್ಣಮಾಪಕ ಇಳಿಸಿ ನೋಡಿದ್ದ. ಸುತ್ತಲ ನೀರಿಗಿಂತ ಅದು ಸುಮಾರು 10 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಿತ್ತು. ಬಿಸಿ ನೆತ್ತರಿನ ಮೀನು!

ಆ ಬಿಸಿ ಉಳಿಯುವ ಬಗೆ ಇನ್ನೂ ಚೆಂದ. ಸ್ನಾಯುವಿನಿಂದ ಕಿವಿರಿನ ಕಡೆಗೆ ಹೋಗುವ ಬಿಸಿ ನೆತ್ತರಿನ ಸಣ್ಣ ನಾಳಗಳೂ, ಕಿವಿರಿನಿಂದ ಸ್ನಾಯುವಿಗೆ ಬರುವ ತಣ್ಣನೆಯ ನೆತ್ತರಿನ ಸಣ್ಣ ನಾಳಗಳೂ ಒತ್ತೊತ್ತಾಗಿ, ಎದುರುಬದುರು ಹರಿಯುತ್ತವೆ. ಧಕ್ಕೆಯ ಹಲಗೆಯ ಮೇಲೆ ಬೋಟಿನಿಂದ ಇಳಿಯುವವನು ತಲೆಯ ಬುಟ್ಟಿಯನ್ನು ಹತ್ತುವವನ ಕೈಗೆ ದಾಟಿಸಿ ತಾನು ಬರಿಗೈಯಲ್ಲಿ ಹೋದ ಹಾಗೆ, ಹೊರಡುವ ನೆತ್ತರು ತನ್ನ ಬಿಸಿಯನ್ನು ಬರುವ ನೆತ್ತರಿಗೆ ಕೊಟ್ಟು ತಣ್ಣಗಾಗಿ ಕಿವಿರು ಸೇರುತ್ತದೆ. ಬಿಸಿ ಮನೆಯೊಳಗೇ ಉಳಿಯಿತು. ಬಿಸಿಯಾದ ಸ್ನಾಯು ಬೇಗ ಬಿಗಿದು ಬೇಗ ಸಡಿಲುತ್ತದೆ. ತಂಪಾದ ಆಳದ ನೀರಿಗೆ ಇಳಿದರೂ ಓಟದ ಬಿರುಸು ಕುಗ್ಗುವುದಿಲ್ಲ. ಇದು ಈ ಅಡುಗೆಯ ಮೊದಲನೆಯ ಬಿಸಿ: ಮೀನು ತಾನೇ ಹೊತ್ತಿಸಿಕೊಂಡದ್ದು.

ಈ ಬಿಸಿ ಓಟಕ್ಕೆ ಬೆಲೆಯೂ ಇದೆ, ಅದನ್ನು ತೆರುವುದು ಮೀನಿನ ಮರಣದ ನಂತರ. ಕೇದರಿನ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳ. ಬಿರುಸಿನ ಓಟದಲ್ಲಿ ಸ್ನಾಯುವಿನೊಳಗೆ ಹುಟ್ಟುವ ಆಮ್ಲವನ್ನು ಸಮತೂಕದಲ್ಲಿ ಇಡಲು ಅದು ಬೇಕು. ಸತ್ತ ಮೀನು ಬಿಸಿಲಿಗೆ ಬಿದ್ದರೆ ಸೂಕ್ಷ್ಮಜೀವಿಗಳು ಅದೇ ಹಿಸ್ಟಿಡಿನ್ನನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ತಿಂದವರ ಮುಖ ಕೆಂಪೇರುತ್ತದೆ, ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಬೇಯಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ. ಬಂಗುಡೆಗೂ ಈ ಗುಣ ಉಂಟು. ಹಿಡಿದ ಗಳಿಗೆಯಿಂದ ಕಾವಲಿಯವರೆಗೆ ಮಂಜುಗಡ್ಡೆ ತಪ್ಪಬಾರದೆಂಬುದು ಇದಕ್ಕೇ. ಆಳ ಕಡಲಿಗೆ ಹೋಗುವ ಬೋಟುಗಳು ಡೀಸೆಲ್ಲಿನ ಜತೆಗೆ ಮಂಜುಗಡ್ಡೆಯನ್ನೂ ತುಂಬಿಕೊಂಡೇ ಅಳಿವೆ ದಾಟುತ್ತವೆ. 1969ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಶುರುವಾದಾಗ ದೇಶದಲ್ಲಿ ಅಂಥದ್ದು ಬೇರೆ ಇರಲಿಲ್ಲ. ಹಿಡಿದ ಮೀನನ್ನು ತಣ್ಣಗೆ ಉಳಿಸುವ ವಿದ್ಯೆಯೂ ಅಲ್ಲಿನ ಪಾಠ.

ಮನೆಗೆ ತಂದ ಮೇಲೆ ಆ ಹೊಣೆ ನಮ್ಮದು. ಮಾರುಕಟ್ಟೆಯಿಂದ ಬರುವಾಗ ಮೀನಿನ ಚೀಲಕ್ಕೆ ಮಂಜುಗಡ್ಡೆ ಕೇಳಿ ಹಾಕಿಸಿಕೊಳ್ಳುವುದು, ದಾರಿಯಲ್ಲಿ ಎಲ್ಲೂ ನಿಲ್ಲದೆ ಬರುವುದು, ತೊಳೆದು ಕೂಡಲೇ ಫ್ರಿಜ್ಜಿಗೆ ಇಡುವುದು. ಒಳಗೆ ಕೆಂಪು ಉಳಿಸಿ ತಿನ್ನಬೇಕೆಂದಿದ್ದರೆ, ತಂಪಿನ ಸರಪಳಿ ಎಲ್ಲಿಯೂ ತುಂಡಾಗಿಲ್ಲವೆಂದು ನಂಬಿಕೆಯಿರುವ ಕಡೆಯಿಂದ, ಆಳ ಕಡಲಿನ ದೊಡ್ಡ ಹಳದಿ ರೆಕ್ಕೆಯ ಕೇದರಿನ ತುಂಡನ್ನೇ ತರಬೇಕು. ಮೈನಸ್ 20 ಡಿಗ್ರಿಯಲ್ಲಿ 7 ದಿನ ಹೆಪ್ಪುಗಟ್ಟಿಸಿಟ್ಟದ್ದಾದರೆ ಹುಳುಗಳ ಭಯವೂ ಇಲ್ಲ. ದಡದ ಚಿಕ್ಕ ಕೇದರಾದರೆ, ಅಥವಾ ಉಣ್ಣುವವರಲ್ಲಿ ಮಕ್ಕಳು, ಬಸುರಿಯರು, ಮುದುಕರು ಇದ್ದರೆ ಒಳಗೂ ಬೇಯಲಿ. ಮಸಾಲೆಯ ಸೊಗಸು ಎಲ್ಲಿಗೂ ಹೋಗುವುದಿಲ್ಲ.

ನಮ್ಮ ಧಕ್ಕೆಯ ಪಕ್ಕದ ಹಳೆ ಬಂದರಿನಿಂದ ಇಂದಿಗೂ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ಹೋಗುತ್ತದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು ಟಿಪ್ಪುವಿನ ಕೈಗೆ, ಅವನ ನಂತರ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದು, 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆ ದ್ವೀಪಗಳವರಿಗೆ ಕೇದರ್ ಬದಿಗೆ ಬಿದ್ದ ಮೀನಲ್ಲ, ಬದುಕೇ ಅದು. ದೋಣಿಯಿಂದ ಜೀವಂತ ಕಿರುಮೀನುಗಳನ್ನು ಕಡಲಿಗೆ ಚೆಲ್ಲಿ, ನೀರು ಚಿಮುಕಿಸಿ ಕೇದರಿನ ಹಿಂಡನ್ನು ಮೇಲಕ್ಕೆ ಕರೆದು, ಉದ್ದ ಕೋಲಿನ ಗಾಳದಿಂದ ಒಂದೊಂದನ್ನೇ ಎತ್ತಿ ದೋಣಿಗೆ ಹಾಕುತ್ತಾರೆ. ಬಲೆಯಲ್ಲಿ ಗಂಟೆಗಟ್ಟಲೆ ಒದ್ದಾಡಿದ ಮೀನಿನ ಮೈ ತನ್ನದೇ ಬಿಸಿಯಿಂದ, ತನ್ನದೇ ಆಮ್ಲದಿಂದ ಒಳಗೊಳಗೇ ಬೆಂದಂತಾಗಿ ಮಾಂಸ ಬಿಳಿಚಿ ಸಡಿಲಾಗುವುದುಂಟು. ಗಾಳದ ಮೀನಿಗೆ ಆ ಸಂಕಟ ಕಡಿಮೆ. ಮಂಜುಗಡ್ಡೆಯೇ ಇಲ್ಲದ ಕಾಲದಲ್ಲಿ ಮಿನಿಕಾಯ್‌ನವರು ಕೇದರನ್ನು ಬೇಯಿಸಿ, ಹೊಗೆಯೂಡಿಸಿ, ಬಿಸಿಲಿಗಿಟ್ಟು, ಕಟ್ಟಿಗೆಯಷ್ಟು ಗಟ್ಟಿಯಾದ ಮಾಸ್ಮೀನ್ ಮಾಡಿದರು. ಕೊಬ್ಬರಿಯ ಜತೆ ಅದೂ ಮಂಗಳೂರಿನ ಬಂದರಿಗೆ ಬರುತ್ತಿತ್ತು.

ದೂರದ ಜಪಾನಿನ ತೋಸಾ ಸೀಮೆಯ ಬೆಸ್ತರು ಅದೇ ಮೀನಿಗೆ ಇನ್ನೊಂದು ದಾರಿ ಕಂಡುಕೊಂಡರು. ಭತ್ತದ ಹುಲ್ಲಿಗೆ ಬೆಂಕಿ ಹಾಕಿ, ಎದ್ದ ಜ್ವಾಲೆಯಲ್ಲಿ ಮೀನಿನ ಹೊರಮೈ ಮಾತ್ರ ಸುಟ್ಟು, ಒಳಗನ್ನು ಹಸಿಯಾಗಿ ಬಿಟ್ಟು, ಶುಂಠಿ ಬೆಳ್ಳುಳ್ಳಿಯೊಡನೆ ತಿನ್ನುವ ತತಾಕಿ ಅದು. ಹೊರಮೈ ಮಾತ್ರ ಕಾಯಿಸಿದ ಕೇದರ್ ಈಗ ಲೋಕವೆಲ್ಲ ಸುತ್ತುವ ಅಡುಗೆ. 2019ರ ಜನವರಿಯಲ್ಲಿ ಟೋಕಿಯೋದ ತೊಯೋಸು ಮಾರುಕಟ್ಟೆಯಲ್ಲಿ ಈ ಬಳಗದ ನೀಲಿರೆಕ್ಕೆಯ ಒಂದು ಮೀನು, 278 ಕಿಲೋ ತೂಕದ್ದು, 33 ಕೋಟಿ 36 ಲಕ್ಷ ಯೆನ್‌ಗೆ ಹರಾಜಾಯಿತು. ಅದರ ದಾಯಾದಿ ನಮ್ಮ ಮಾರುಕಟ್ಟೆಯಲ್ಲಿ ಅಂಜಲಿನ ನೆರಳಲ್ಲಿ ಕೂತಿದೆ. ದ್ವೀಪದವರು ಕೇದರನ್ನು ಒಣಗಿಸಿ ಕಾಲವನ್ನು ಗೆದ್ದರು. ತೋಸಾದವರು ಕಾಲಕ್ಕಿಂತ ಮುಂದೆ ಓಡಿದರು. ಎರಡೂ ಕಡೆ ಮೀನಿನ ಗುಣವನ್ನು ಚೆನ್ನಾಗಿ ತಿಳಿದವರ ಕೈ ಕಾಣುತ್ತದೆ.

ಇನ್ನು ಮಸಾಲೆ. ಹೊರಮೈಗೆ ಮೆತ್ತಲು ನಾನು ತೆಗೆದುಕೊಳ್ಳುವುದು ಕೊತ್ತಂಬರಿ ಬೀಜ, ಒಳ್ಳೆಮೆಣಸು, ಸ್ವಲ್ಪ ಜೀರಿಗೆ, ಚಿಟಿಕೆ ಓಮ, ಒಂದೆರಡು ಬ್ಯಾಡಗಿ ಮೆಣಸು, ಉಪ್ಪು. ಬೀಜಗಳನ್ನು ಸಣ್ಣ ಉರಿಯಲ್ಲಿ ಪರಿಮಳ ಬರುವಷ್ಟು ಬೆಚ್ಚಗೆ ಮಾಡಿ, ಕಲ್ಲಿನಲ್ಲಿ ತರಿತರಿಯಾಗಿ ಕುಟ್ಟಬೇಕು. ನುಣ್ಣಗೆ ಪುಡಿ ಮಾಡಿದರೆ ಕಾವಲಿಯಲ್ಲಿ ಕ್ಷಣದಲ್ಲಿ ಕರಕಲಾಗಿ ಕಹಿಯಾಗುತ್ತದೆ. ತರಿಯಾಗಿದ್ದರೆ ಒಂದೊಂದು ಚೂರೂ ಬೇರೆ ಬೇರೆಯಾಗಿ ಹುರಿದು, ಹಲ್ಲಿಗೆ ಸಿಕ್ಕಾಗ ತನ್ನ ಹೆಸರು ತಾನೇ ಹೇಳುತ್ತದೆ.

ಕುಟ್ಟುವಾಗ ಮೂಗಿಗೆ ಮೊದಲು ಬರುವುದು ಒಳ್ಳೆಮೆಣಸು. ಪುತ್ತೂರು, ಸುಳ್ಯದ ಕಡೆ ಅಡಿಕೆ ಮರವನ್ನು ತಬ್ಬಿ ಮೇಲೇರುವ ಬಳ್ಳಿ ಅದು. ಮಳೆ ಬಿದ್ದಾಗ ಹೂ, ಚಳಿಯ ಹೊತ್ತಿಗೆ ಕಾಳು. ಈ ಊರಿನಿಂದ ಆ ಕಾಳು ಕಡಲು ದಾಟತೊಡಗಿ ಎಷ್ಟು ಕಾಲವಾಯಿತೋ. 12ನೆಯ ಶತಮಾನದ ನಡುಭಾಗದಲ್ಲಿ ಟ್ಯುನೀಷಿಯಾದ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಹಲವು ವರ್ಷ ಮಂಗಳೂರಿನಲ್ಲಿ ನೆಲೆಸಿದ್ದ. ಇಲ್ಲೇ ಕಂಚಿನ ಕಾರ್ಖಾನೆ ನಡೆಸಿದ. ಒಳ್ಳೆಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಇವನ್ನೆಲ್ಲ ಏಡನ್ನಿಗೆ ಕಳುಹಿಸಿದ. ಅವನ ಕಾಗದಪತ್ರಗಳು ಕೈರೋದ ಹಳೆಯ ಸಿನಗಾಗಿನ ಗೆನಿಝಾ ಕೋಣೆಯಲ್ಲಿ ಉಳಿದು, ನಮ್ಮ ಕಾಲಕ್ಕೆ ಸಿಕ್ಕಿವೆ. ಒಳ್ಳೆಮೆಣಸೂ ಕಬ್ಬಿಣವೂ ಒಂದೇ ಹಡಗಿನಲ್ಲಿ ಹೊರಟ ಊರು ಇದು. ನನ್ನ ಒಲೆಯ ಮೇಲೆ ಅವೆರಡೂ ಮತ್ತೆ ಸೇರುತ್ತವೆ ಎಂದು ನೆನೆದಾಗ ಕೈಯಲ್ಲಿರುವ ಕಾಳುಗಳಿಗೆ ಬೇರೆಯೇ ತೂಕ ಬರುತ್ತದೆ.

ಬೆನ್ ಯಿಜು ಇಲ್ಲಿದ್ದಾಗ ಮಂಗಳೂರಿನ ಯಾವ ಅಡುಗೆಯಲ್ಲೂ ಕೆಂಪು ಮೆಣಸು ಇರಲಿಲ್ಲ. ಅಮೆರಿಕ ಖಂಡದ ಆ ಗಿಡ ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಪಶ್ಚಿಮ ಕರಾವಳಿಗೆ ಬಂತು. ಬಂದದ್ದು ಘಟ್ಟ ಹತ್ತಿ ಹಾವೇರಿ ಸೀಮೆಯ ಕಪ್ಪು ಮಣ್ಣಿನಲ್ಲಿ ಬೇರೂರಿ ಬ್ಯಾಡಗಿಯಾಯಿತು. ಮೈತುಂಬ ಸುಕ್ಕು, ಕಡುಕೆಂಪು, ಖಾರ ಹದ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ಇಂದು ಬ್ಯಾಡಗಿಯಿಲ್ಲದ ಮಂಗಳೂರಿನ ಮೀನು ಸಾರನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಹೊರಗಿನಿಂದ ಬಂದದ್ದು ಇಷ್ಟು ನಮ್ಮದಾಗಬಲ್ಲದು ಎಂಬುದೂ ಬೆರಗೇ.

ಖಾರ ಎಂದರೇನು? ಉಪ್ಪು, ಹುಳಿ, ಸಿಹಿ, ಕಹಿಗಳ ಹಾಗೆ ಅದು ರುಚಿಯಲ್ಲ. ಕುದಿಯುವ ಚಹಾ ತಗುಲಿದಾಗ "ಸುಡುತ್ತಿದೆ" ಎಂದು ಮಿದುಳಿಗೆ ಸುದ್ದಿ ಕಳಿಸುವ ಒಂದು ಬಾಗಿಲು ನಮ್ಮ ನರಗಳಲ್ಲಿದೆ. ಸುಮಾರು 43 ಡಿಗ್ರಿ ದಾಟಿದರೆ ಅದು ತೆರೆಯುತ್ತದೆ. ಮೆಣಸಿನ ಕ್ಯಾಪ್ಸೈಸಿನ್ ಅದೇ ಬಾಗಿಲನ್ನು ತೆರೆಯುತ್ತದೆ. 1997ರಲ್ಲಿ ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂತು, ಸ್ಪರ್ಶದ ಗ್ರಾಹಕಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಜತೆಗೆ. ಒಳ್ಳೆಮೆಣಸಿನ ಪೈಪರಿನ್ ಕೂಡ ತಟ್ಟುವುದು ಅದೇ ಬಾಗಿಲನ್ನು. ತಣ್ಣನೆಯ ಮೆಣಸು ತಿಂದರೂ ನಾಲಗೆ ಉರಿಯುತ್ತದೆ, ಹಣೆ ಬೆವರುತ್ತದೆ. ನಿಜವಾದ ಬೆಂಕಿ ಎಲ್ಲೂ ಇಲ್ಲ. ಇದು ಈ ಅಡುಗೆಯ ಇನ್ನೊಂದು ಬಿಸಿ: ಉಣ್ಣುವವರ ಮೈಯಲ್ಲಿ ಹುಟ್ಟುವಂಥದ್ದು. ಕಡಲಿನ ಮೀನು ತನ್ನೊಳಗೆ ಬಿಸಿ ಹುಟ್ಟಿಸಿಕೊಂಡಿತು. ಘಟ್ಟದ ಕಾಳು, ಬಯಲಿನ ಹಣ್ಣು ನಮ್ಮೊಳಗೆ ಬಿಸಿಯ ಭಾವ ಹುಟ್ಟಿಸುತ್ತವೆ. ಈ ಎರಡರ ನಡುವೆ ಇರುವುದು ಕಾವಲಿಯ ಬಿಸಿ.

ಬೀಡಿನ ಕಾವಲಿಯೇ ಆಗಬೇಕು. ಅದು ನಿಧಾನಕ್ಕೆ ಕಾಯುತ್ತದೆ. ಕಾದ ಮೇಲೆ ತಣ್ಣನೆಯ ಮೀನು ಬಿದ್ದರೂ ಬೆಚ್ಚುವುದಿಲ್ಲ. ಕಾದಿದೆಯೇ ಎಂದು ನೋಡಲು ದೋಸೆ ಹುಯ್ಯುವವರೆಲ್ಲ ಮಾಡುವಂತೆ ಒಂದು ಹನಿ ನೀರು ಚಿಮುಕಿಸಿದರಾಯಿತು. ಸುಮಾರಾಗಿ ಕಾದಿದ್ದರೆ ಹನಿ ಚುಂಯ್ ಎಂದು ಆರಿಹೋಗುತ್ತದೆ. ಇನ್ನೂ ಕಾದರೆ ಹನಿ ಆರುವುದಿಲ್ಲ. ಗುಂಡಗಾಗಿ ಕಾವಲಿಯ ಮೇಲೆಲ್ಲ ಓಡಾಡುತ್ತದೆ. ತನ್ನದೇ ಆವಿಯ ತೆಳು ಹಾಸಿನ ಮೇಲೆ ತೇಲುವ ಆ ಹನಿಯ ಬಗ್ಗೆ ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲೇ ಬರೆದಿದ್ದ. ಹೆಚ್ಚು ಬಿಸಿಯಲ್ಲಿ ನೀರು ಹೆಚ್ಚು ಹೊತ್ತು ಬಾಳುತ್ತದೆ ಎಂಬ ಈ ವಿಚಿತ್ರವನ್ನು ನಮ್ಮ ಅಜ್ಜಿಯಂದಿರೂ ದಿನಾ ಬೆಳಿಗ್ಗೆ ನೋಡುತ್ತಿದ್ದರು. ಹನಿ ಓಡಿದರೆ ಕಾವಲಿ ಸಿದ್ಧ.

ಮೀನಿನ ಮೈಯಲ್ಲಿ ಮಾತ್ರ ನೀರಿನ ಪಸೆ ಇರಬಾರದು. ಬಟ್ಟೆಯಿಂದ ಒತ್ತಿ ಒರೆಸಿ, ತುಸು ಎಣ್ಣೆ ಸವರಿ, ಕುಟ್ಟಿದ ಮಸಾಲೆಯನ್ನು ಅಂಗೈಯಿಂದ ಒತ್ತಿ ಕೂರಿಸಬೇಕು. ಮೈಮೇಲೆ ನೀರಿರುವಷ್ಟು ಹೊತ್ತು ಅಲ್ಲಿನ ಬಿಸಿ 100 ಡಿಗ್ರಿ ದಾಟುವುದಿಲ್ಲ. ನೀರು ಆವಿಯಾಗುವುದಕ್ಕೇ ಕಾವೆಲ್ಲ ಖರ್ಚು. ನೀರು ಹೋಗಿ 140 ಡಿಗ್ರಿಯ ಆಚೆಗೆ ಏರಿದಾಗ ಪ್ರೋಟೀನು, ಸಕ್ಕರೆಗಳು ಕೂಡಿ ಕಂದು ಬಣ್ಣಕ್ಕೆ ತಿರುಗುತ್ತವೆ. ನೂರಾರು ಹೊಸ ಪರಿಮಳಗಳು ಹುಟ್ಟುತ್ತವೆ. ಕಾಫಿ ಬೀಜ, ರೊಟ್ಟಿಯ ಮೈ, ಹುರಿದ ರವೆ ಎಲ್ಲದರ ಘಮದಲ್ಲೂ ಇದರ ಪಾಲಿದೆ. ಫ್ರಾನ್ಸಿನ ಮೇಯಾರ್ 1912ರಲ್ಲಿ ಇದನ್ನು ವಿವರಿಸಿದ.

ಕಾವಲಿಗೆ ಮೀನು ಇಳಿದ ಮೇಲೆ ಮಾಡುವ ಕೆಲಸ ಬಹಳ ಕಡಿಮೆ. ಒಂದೂವರೆ ಅಂಗುಲ ದಪ್ಪದ ತುಂಡಿಗೆ ಒಂದೊಂದು ಮಗ್ಗುಲಿಗೆ ಮುಕ್ಕಾಲು ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಬದಿಯಿಂದ ನೋಡುತ್ತಿದ್ದರೆ ಕೆಂಪಿನ ಅಡಿಯಿಂದ ಒಂದು ಬೂದು ಗೆರೆ ಮೇಲಕ್ಕೆ ಹತ್ತುವುದು ಕಾಣುತ್ತದೆ. ಬಿಸಿ ನಡೆಯುವುದನ್ನು ಬರಿಗಣ್ಣಿನಲ್ಲಿ ನೋಡುವ ಅವಕಾಶ ಬೇರೆ ಎಲ್ಲಿದೆ! ಅಡಿಯ ಮಸಾಲೆಯಲ್ಲಿ ಕಂದು ಹುಟ್ಟುತ್ತಿರುವಾಗ, ಅರ್ಧ ಅಂಗುಲ ಮೇಲೆ ಮಾಂಸ ಇನ್ನೂ ತಂಪಾಗಿದೆ. ಸುಮಾರು 50 ಡಿಗ್ರಿಯಲ್ಲಿ ಸ್ನಾಯುವಿನ ಪ್ರೋಟೀನುಗಳು ಮುದುಡತೊಡಗುತ್ತವೆ, 60 ದಾಟಿದರೆ ಕೆಂಪು ಬೂದಾಗುತ್ತದೆ, ಒಳಗಿನ ರಸ ಹಿಂಡಿ ಹೊರಬರುತ್ತದೆ. ಓಟಗಾರನ ಮೈಯಲ್ಲಿ ಕೊಬ್ಬು ಕಡಿಮೆ, ಒತ್ತೊತ್ತಾದ ಸ್ನಾಯುವೇ ಹೆಚ್ಚು. ರಸ ಹೋದರೆ ಉಳಿಯುವುದು ಗಟ್ಟಿ ನಾರು. ನಮ್ಮ ಊರಿನಲ್ಲಿ ಕೇದರ್ "ಒಣಕಲು" ಎಂಬ ಹೆಸರು ಪಡೆದದ್ದು ಹೀಗೆ. ಅಂಜಲಿಗೆ ಒಪ್ಪುವ ಹೊತ್ತು ಇದಕ್ಕೆ ಒಪ್ಪಲಿಲ್ಲ. ಓಡಿ ಓಡಿ ಬಾಳಿದ ಮೀನು ಒಲೆಯ ಮುಂದೆ ಕೇಳುವುದು ಇಷ್ಟೇ: ಬೇಗ ನಿಲ್ಲಿಸು.

ಕಾವಲಿಯಿಂದ ತೆಗೆದ ತುಂಡು ಸುಮ್ಮನಿರಲಿ. ಆ ಹೊತ್ತಿಗೆ ಗೊಜ್ಜು. ಪುಳಿಮುಂಚಿ ತುಳುನಾಡಿನ ಮೀನಿನ ಅಡುಗೆಗಳಲ್ಲೆಲ್ಲ ನೇರವಾದದ್ದು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳು ಮೆಂತೆ, ಒಳ್ಳೆಮೆಣಸು ಹುರಿದು, ಬೆಳ್ಳುಳ್ಳಿ, ಅರಸಿನ, ಹುಣಸೆಹುಳಿ ಸೇರಿಸಿ ನುಣ್ಣಗೆ ಅರೆಯುವುದು. ತೆಂಗಿನೆಣ್ಣೆಯಲ್ಲಿ ಜಜ್ಜಿದ ಶುಂಠಿ, ಕರಿಬೇವಿನೆಲೆ ಹಾಕಿ ಅರೆದದ್ದನ್ನು ಎಣ್ಣೆ ಬಿಡುವವರೆಗೆ ಕುದಿಸುವುದು. ಈ ಅಡುಗೆಗೆಂದು ನಾನು ಅದಕ್ಕೆ ಒಂದು ಚೂರು ಬೆಲ್ಲ, ಕೊನೆಗೆ ಒಂದು ಸೌಟು ದಪ್ಪ ತೆಂಗಿನ ಹಾಲು ಸೇರಿಸಿ, ಒಲೆಯಿಂದ ಇಳಿಸುತ್ತೇನೆ. ಸಂಪ್ರದಾಯದ ಪುಳಿಮುಂಚಿಯಲ್ಲಿ ತೆಂಗಿನ ಹಾಲಿಲ್ಲ. ಆದರೆ ಇಲ್ಲಿ ಅದಕ್ಕೊಂದು ಕೆಲಸವಿದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ತೆಂಗಿನ ಹಾಲು ಉರಿಯನ್ನು ನಾಲಗೆಯಿಂದ ಬಿಡಿಸಿ ಕರೆದೊಯ್ಯುತ್ತದೆ. ಖಾರ ಬಂದು ಹೋಗುತ್ತದೆ, ಕೂತು ಹಿಂಸೆ ಕೊಡುವುದಿಲ್ಲ. ಹುಣಸೆಯ ಆಮ್ಲ ಮೀನಿನ ಕಮಟು ವಾಸನೆಯ ಪದಾರ್ಥಗಳನ್ನು ಹಿಡಿದು ಗಾಳಿಗೇರದಂತೆ ಮಾಡುತ್ತದೆ. ಕರಾವಳಿಯುದ್ದಕ್ಕೂ ಮೀನು ಎಲ್ಲಿದೆಯೋ ಅಲ್ಲಿ ಹುಳಿ ಇದೆ: ನಮ್ಮಲ್ಲಿ ಹುಣಸೆ, ಬಿಂಬುಳಿ, ಪುನರ್ಪುಳಿ; ಕೇರಳದಲ್ಲಿ ಚೂರ ಎನ್ನುವ ಇದೇ ಮೀನಿನ ಸಾರಿಗೆ ಕುಡಂಪುಳಿ. ರಸಾಯನ ಶಾಸ್ತ್ರದ ಹೆಸರು ಕೇಳದ ಕಾಲದಲ್ಲೇ ಎಷ್ಟೋ ತಲೆಮಾರಿನ ಹೆಂಗಸರ ಮೂಗು, ನಾಲಗೆ ಇದನ್ನು ಕಂಡುಕೊಂಡಿದ್ದವು.

ತುಂಡನ್ನು ಅಡ್ಡಕ್ಕೆ ಕೊಯ್ದು ತಟ್ಟೆಯಲ್ಲಿಟ್ಟಾಗ ಅಂಚಿನಲ್ಲಿ ಕರಿ-ಕಂದು ಮಸಾಲೆ, ಅದರ ಒಳಗೆ ಬೂದಿನ ತೆಳು ಗೆರೆ, ನಡುವೆ ಕೆಂಪು. ಮೂರು ಬಿಸಿಗಳ ಗುರುತು ಒಂದೇ ತುಂಡಿನಲ್ಲಿ. ಮೀನಿನ ಬಿಸಿ ಆ ಕೆಂಪಾಗಿ ಉಳಿದಿದೆ. ಕಾವಲಿಯ ಬಿಸಿ ಆ ಬೂದು ಗೆರೆಯಲ್ಲಿ ನಿಂತಿದೆ. ಮೆಣಸಿನ ಬಿಸಿ ಇನ್ನು ನಮ್ಮ ಬಾಯಿಯಲ್ಲಿ ಶುರುವಾಗಬೇಕು. ಒಂದೊಂದಕ್ಕೂ ಒಂದೊಂದು ಮಿತಿ ಬೇಕಾಯಿತು: ಮೊದಲನೆಯದಕ್ಕೆ ಮಂಜುಗಡ್ಡೆ, ಎರಡನೆಯದಕ್ಕೆ ಮುಕ್ಕಾಲು ನಿಮಿಷ, ಮೂರನೆಯದಕ್ಕೆ ತೆಂಗಿನ ಹಾಲು. ಯಾವ ಮಿತಿ ತಪ್ಪಿದರೂ ಅಡುಗೆ ಕೆಡುತ್ತದೆ. ಮೊದಲನೆಯದು ತಪ್ಪಿದರೆ ಉಂಡವರೇ ಕೆಡುತ್ತಾರೆ.

ಬೆರಗು ಎಂದರೆ ಕಣ್ಣರಳಿಸಿ ನಿಂತುಬಿಡುವುದು ಎಂದು ನಾನು ತಿಳಿದಿದ್ದೆ. ಈ ಮೀನು ಇನ್ನೊಂದು ಬಗೆಯ ಬೆರಗನ್ನು ಕಲಿಸಿದೆ, ಅದು ಕೈಗೆ ಇಳಿಯುವ ಬೆರಗು. ಮೀನಿನ ಮೈ ಬಿಸಿ ಎಂದು ತಿಳಿದವರು ಮಂಜುಗಡ್ಡೆ ಮರೆಯುವುದಿಲ್ಲ. ಕಪ್ಪು ಪಟ್ಟಿ ಏನೆಂದು ತಿಳಿದವರು ಅದನ್ನು ಎಸೆಯುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಬೋಟುಗಳು ಕಡಲಿಗಿಳಿಯದೆ ಧಕ್ಕೆ ಸುಮ್ಮನಾದಾಗ, ಆ ಮಿತಿಯೂ ಇದೇ ಸಾಲಿನದ್ದೆಂದು ಅವರಿಗೆ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಮೊಟ್ಟೆಯಿಡುವ ಕಡಲಿಗೆ ನಾವು ಕೊಡುವ ಬಿಡುವು ಅದು. ಆಗ ಒಣಮೀನಿನ ಚಟ್ನಿ ಅರೆದು ಕುಚ್ಚಲಕ್ಕಿ ಗಂಜಿಯ ಜತೆ ಉಂಡು ಕಾಯುವುದಕ್ಕೂ ಮನಸ್ಸು ಒಪ್ಪುತ್ತದೆ. ಬೆರಗು ಅಡುಗೆಮನೆಗೆ ಬಂದಾಗ ಅಳತೆಯಾಗುತ್ತದೆ: ಎಷ್ಟು ತಂಪು, ಎಷ್ಟು ಹೊತ್ತು, ಎಷ್ಟು ಸಾಕು. ಬದುಕಿಡೀ ನಿಲ್ಲದೆ ಓಡಿದ ಒಂದು ಜೀವಕ್ಕೆ ನಾವು ಕೊಡಬಹುದಾದ ಮರ್ಯಾದೆ, ಎಲ್ಲಿ ನಿಲ್ಲಬೇಕೆಂದು ನಾವು ಕಲಿತುಕೊಳ್ಳುವುದು.